ಶಿಬಿರ ಮುಗಿಸಿ ಬಂದವರು ತಮ್ಮನ್ನು ಏನಂತ ಅಂದ್ಕೋಬೇಕು?

ತುಂಗಾತೀರ:
ಮದ್ಯವರ್ಜನ ಶಿಬಿರ ಮುಗಿಸಿ ಬಂದ ಕೊನೆಗಾರರೊಬ್ಬರು (ಅಡಿಕೆ ಮರ ಹತ್ತಿ ಕೊನೆ ಇಳಿಸೋರು) ಎರಡು ತಿಂಗಳಿಂದ ಎಣ್ಣೆ ಮುಟ್ಟಿಲ್ಲ. ಆದ್ರೂ ಮಂಕಾಗಿ ಜಗುಲಿ ಮೇಲೆ ಕೂತಿರ್ತಾರೆ. ವಾರದ ಸಭೆಯಲ್ಲಿ ‘ನಾನು ಕುಡುಕ’ ಅಂತಲೇ ಮಾತು ಶುರು ಮಾಡ್ಬೇಕು. ಮನೆಯವರಿಗೆ ಅದು ಕೇಳಿದ್ರೇ ಸಿಟ್ಟು. ಮರ ಹತ್ತೋದನ್ನೂ ಬಿಡಿಸಿದ್ದಾರೆ. ತೀರ್ಥಹಳ್ಳಿ ಕಡೆ ಕೊಯ್ಲು ಹತ್ರ ಬಂತು. ಏನ್ಮಾಡೋದು?

ಆಪ್ತಸಮಾಲೋಚಕಿ, ಸಾಗರ:
ಆ ಮಾತು ಎಲ್ಲಿ ಆಡ್ತಾರೆ ಅನ್ನೋದು ಮುಖ್ಯ. 1935ರಲ್ಲಿ ಅಮೆರಿಕದಲ್ಲಿ ಶುರುವಾದ, ಕುಡಿತ ಬಿಡೋರೇ ಒಬ್ಬರಿಗೊಬ್ಬರು ಆಸರೆಯಾಗೋ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟದ ರೂಢಿ ಅದು. ಸಭೆಯಲ್ಲಿ ಎಲ್ಲರೂ ಹೇಳೋದ್ರಿಂದ ‘ಒಂದೇ ಕ್ವಾರ್ಟರ್, ಏನಾಗುತ್ತೆ’ ಅನ್ನೋ ಆಸೆಗೆ ಕಡಿವಾಣ. ಸಂತೆಯಲ್ಲಿ ಬೇರೆಯವರ ಬಾಯಲ್ಲಿ ಬಂದ್ರೆ ಬೈಗುಳ. ಹಿಂಸೆಯಾಗ್ತಿದ್ರೆ ‘ಕುಡಿತ ಬಿಟ್ಟಿರೋನು’ ಅನ್ನಲಿ, ನಷ್ಟವೇನಿಲ್ಲ.

ವಾರಕ್ಕೊಮ್ಮೆ ‘ನಾನು ಕುಡಿಯೋನು’, ‘ನಾನು ಬಿಟ್ಟೋನು’ ಎರಡಕ್ಕೂ 0ರಿಂದ 10ರೊಳಗೆ ಅಂಕ ಹಾಕ್ಸಿ. ಎರಡನೆಯದು ಏರ್ತಾ, ಮೊದಲನೆಯದು ಇಳೀತಾ ಹೋಗ್ಬೇಕು. ಎರಡೂ ಕೆಳಗಿದ್ರೆ ಹಳೇ ಹೆಸರು ಹೋಗಿದೆ, ಹೊಸದು ಕೂತಿಲ್ಲ ಅಂತ ಅರ್ಥ. ಪಕ್ಕದಲ್ಲೇ ಆ ವಾರ ಸಂಜೆ ಜೊತೆಗಿದ್ದ ಐದು ಜನರ ಹೆಸರು ಬರೆಸಿ, ಕುಡಿಯೋರಿಗೆ ಗುರುತು ಹಾಕ್ಸಿ. ಅಂಕ ಯಾಕೆ ಏರ್ತಿಲ್ಲ ಅನ್ನೋದು ಹೆಚ್ಚಾಗಿ ಆ ಪಟ್ಟಿಯಲ್ಲೇ ಕಾಣುತ್ತೆ.

ಚೊಗರು:
ಮರ ಬಿಡಿಸಿದ್ದೇ ಎಡವಟ್ಟು. ಕೊನೆಗಾರ ಅಂದ್ರೆ ಸೀಜನ್ನಲ್ಲಿ ತೋಟದವರೇ ಮನೆ ಬಾಗಿಲಿಗೆ ಬಂದು ಕರೆಯೋ ಮನುಷ್ಯ. ಕುಡುಕ ಅನ್ನೋದರ ಜೊತೆ ಆ ಹೆಸರನ್ನೂ ಕಿತ್ಕೊಂಡ್ರೆ ಉಳಿಯೋದೇನು? ಹಾಗಂತ ಕೈ ನಡುಗ್ತಿದ್ರೆ, ಮಂಪರು ಬರೋ ಮಾತ್ರೆ ತಗೊಳ್ತಿದ್ರೆ ಮರ ಬೇಡವೇ ಬೇಡ. ವೈದ್ಯರು ಸೈ ಅನ್ನೋವರೆಗೆ ಕೆಳಗಿಂದ ದೋಟಿ ಹಿಡೀಲಿ. ಯಾವ ಕೊನೆ ಬೆಳೆದಿದೆ, ಯಾವುದು ಎಳಸು ಅಂತ ಹೇಳ್ಲಿ. ಆ ಕಣ್ಣು ಎಲ್ಲರಿಗೂ ಇರಲ್ಲ.

ಜಾರೋದು ಬಟವಾಡೆ ದಿನ. ಕೂಲಿ ತೋಟದ ಮನೆ ಅಂಗಳದಲ್ಲೇ ಕೊಡ್ಲಿ, ಪೇಟೆಯಲ್ಲಲ್ಲ. ಆಮೇಲೆ ಸಂಜೆ ಆರರಿಂದ ಎಂಟು ಗಂಟೆವರೆಗೆ ಅಡಿಕೆ ಬೇಯಿಸೋ ಒಲೆ ಅವರ ಜವಾಬ್ದಾರಿ. ಚೊಗರಿನ (ಅಡಿಕೆ ಬೇಯಿಸಿದ ಕೆಂಪು ನೀರು) ಹದ ನೋಡೋರು ಹಂಡೆ ಬಿಟ್ಟು ಏಳೋ ಹಾಗಿಲ್ಲ. ಸಂಘದ ದುಡ್ಡಿನ ಲೆಕ್ಕ ಮಾತ್ರ ಈಗಲೇ ಕೊಡ್ಬೇಡಿ.

ತುಂಗಾತೀರ:
ನಡುವೆ ಒಂದು ದಿನ ಕುಡಿದುಬಿಟ್ರೆ?

ಆಪ್ತಸಮಾಲೋಚಕಿ, ಸಾಗರ:
‘ಮುಗೀತು, ನಾನು ಯಾವತ್ತಿದ್ರೂ ಕುಡುಕನೇ’ ಅಂದ್ಕೊಂಡಾಗಲೇ ಒಂದು ದಿನದ್ದು ಒಂದು ತಿಂಗಳಾಗೋದು. ಮೊದಲೇ ಚೀಟಿ ಬರೆದು ಜೇಬಲ್ಲಿಡ್ಲಿ: ಜಾಗ ಬಿಡು, ಇಂಥವರಿಗೆ ಫೋನ್ ಮಾಡು, ಮುಂದಿನ ಸಭೆ ತಪ್ಪಿಸ್ಬೇಡ. ಡೈಸಲ್ಫಿರಾಮ್ (ಕುಡಿದ್ರೆ ಮೈಗೆ ಆಗದ ಹಾಗೆ ಮಾಡೋ ಔಷಧಿ) ಮಾತ್ರೆ ತಗೊಳ್ತಿದ್ರೆ ಮಾತ್ರ ನೇರ ಆಸ್ಪತ್ರೆಗೆ. ಅದನ್ನ ಮನೆಯವರು ಸಾರಲ್ಲಿ ಕದ್ದು ಬೆರೆಸ್ತಿದ್ರೆ ಇವತ್ತೇ ನಿಲ್ಲಿಸ್ಲಿ. ಗೊತ್ತಿಲ್ಲದೆ ಕುಡಿದ್ರೆ ಜೀವಕ್ಕೇ ಅಪಾಯ, ‘ನಾನೇ ಬಿಟ್ಟೆ’ ಅನ್ನೋ ಹೆಮ್ಮೆಯೂ ಅವರದ್ದಾಗಲ್ಲ.

ಮತ್ತೆ, ಎರಡು ತಿಂಗಳ ಮಂಕು ಅಂದ್ರೆ ಬರೀ ಹೆಸರಿನ ವಿಷಯ ಅಲ್ದೇ ಇರಬಹುದು. ಖಿನ್ನತೆ ಇದೆಯಾ ಅಂತ ಮನೋವೈದ್ಯರಿಗೆ ತೋರಿಸಿ. ದೂರ ಆದ್ರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ಬಹುದು.