ವಕೀಲರನ್ನು ಕೇಳಿ: ಅಡ್ವೊಕೇಟ್ ಜನರಲ್ ಆಗುವುದು ಹೇಗೆ?

ಪ್ರಶ್ನೆ: ಸರ್, ನಾನು ಎಲ್‌ಎಲ್‌ಬಿ ಕೊನೆಯ ವರ್ಷದಲ್ಲಿದ್ದೇನೆ. ಮುಂದೆ ರಾಜ್ಯದ ಅಡ್ವೊಕೇಟ್ ಜನರಲ್, ಅಂದರೆ ರಾಜ್ಯ ಸರ್ಕಾರದ ಮುಖ್ಯ ವಕೀಲ ಆಗಬೇಕೆಂಬ ಆಸೆ. ಯಾವ ಪರೀಕ್ಷೆ ಬರೆಯಬೇಕು? ಸರ್ಕಾರ ಬದಲಾದರೆ ಹುದ್ದೆ ಹೋಗುತ್ತಂತೆ, ನಿಜವಾ?

ಉತ್ತರ: ಪರೀಕ್ಷೆ ಇಲ್ಲ. ಸಂವಿಧಾನದ 165ನೇ ವಿಧಿಯಂತೆ, ಹೈಕೋರ್ಟ್ ನ್ಯಾಯಮೂರ್ತಿಯಾಗುವ ಅರ್ಹತೆ ಇರುವವರನ್ನು ರಾಜ್ಯಪಾಲರು ನೇಮಿಸುತ್ತಾರೆ. ವಕೀಲರಿಗೆ ಅಂದರೆ ಹೈಕೋರ್ಟ್‌ನಲ್ಲಿ ಕನಿಷ್ಠ 10 ವರ್ಷದ ವಕೀಲಿಕೆ. ಹೆಸರು ಆರಿಸುವುದು ಮಾತ್ರ ಸರ್ಕಾರವೇ. 10 ವರ್ಷ ಆಯ್ತು ಅಂತ ಯಾರೂ ಕರೆಯಲ್ಲ, ನೀವು ಎದ್ದು ನಿಂತರೆ ನ್ಯಾಯಮೂರ್ತಿಗಳು ಪೆನ್ನು ಕೆಳಗಿಟ್ಟು ಕೇಳುವಂತಿರಬೇಕು.

ಅವಧಿ ನಿಗದಿಯಿಲ್ಲ. ಸರ್ಕಾರ ಬದಲಾದಾಗ ಸಾಮಾನ್ಯವಾಗಿ ತಾವೇ ರಾಜೀನಾಮೆ ಕೊಡುತ್ತಾರೆ. ಹುದ್ದೆ ಹೋದರೂ ವಕೀಲಿಕೆ ಇದ್ದೇ ಇರುತ್ತದೆ. ಸಂತೋಷ್ ಹೆಗ್ಡೆ ಅವರು 1984ರಿಂದ 1988ರವರೆಗೆ ಕರ್ನಾಟಕದ ಅಡ್ವೊಕೇಟ್ ಜನರಲ್ ಆಗಿದ್ದರು. ಮುಂದೆ ದೇಶದ ಸಾಲಿಸಿಟರ್ ಜನರಲ್ (ಕೇಂದ್ರ ಸರ್ಕಾರದ ಎರಡನೇ ಹಿರಿಯ ವಕೀಲ) ಆದರು, 1999ರಲ್ಲಿ ವಕೀಲಿಕೆಯಿಂದ ನೇರವಾಗಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದರು. 1970ರಲ್ಲಿ ಮೈಸೂರು ರಾಜ್ಯದ ಅಡ್ವೊಕೇಟ್ ಜನರಲ್ ಆಗಿದ್ದ ಇ.ಎಸ್. ವೆಂಕಟರಾಮಯ್ಯ 1989ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿಯಾದರು.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಸರ್ಕಾರ ಹೇಳಿದ್ದನ್ನೇ ಕೋರ್ಟ್‌ನಲ್ಲಿ ಒಪ್ಪಿಸೋದು ತಾನೇ ಇವರ ಕೆಲಸ?

ಉತ್ತರ: ಹಾಗಂತ ಜಾಸ್ತಿ ಜನ ನಂಬಿದ್ದಾರೆ, ನನಗೆ ಬೇಸರ ತರುವ ಮಾತೂ ಇದೇ. ವಾದ ಮಾಡುವುದು ಎಲ್ಲರಿಗೂ ಕಾಣುತ್ತದೆ. ಅದಕ್ಕಿಂತ ದೊಡ್ಡ ಕೆಲಸ ಕಡತದಲ್ಲಿ ಬರೆಯುವ ಅಭಿಪ್ರಾಯ.

ಭೂಸ್ವಾಧೀನದ ಕೇಸ್ ಒಂದನ್ನು ನೋಡಿ. ರೈತನಿಗೆ ಪರಿಹಾರ ಹೆಚ್ಚಿಸಿ ಕೆಳಗಿನ ಕೋರ್ಟ್ ತೀರ್ಪು ಕೊಟ್ಟಿದೆ. ತೀರ್ಪು ಸರಿಯಾಗೇ ಇದೆ. ಆದರೆ ‘ಒಪ್ಪಿಕೊಳ್ಳೋಣ’ ಅಂತ ಸಹಿ ಹಾಕಲು ಇಲಾಖೆಯಲ್ಲಿ ಯಾರಿಗೂ ಧೈರ್ಯವಿಲ್ಲ, ನಾಳೆ ಆಡಿಟ್‌ನವರು ಕೇಳಿದರೆ? ಹಾಗಾಗಿ ‘ಮೇಲ್ಮನವಿ ಸಲ್ಲಿಸಬಹುದೇ?’ ಅಂತ ಟಿಪ್ಪಣಿ ಹಾಕಿ ಕಡತವನ್ನು ಮೇಲಕ್ಕೆ ಕಳಿಸುತ್ತಾರೆ. ಅಷ್ಟರಲ್ಲಿ ಬಡ್ಡಿ ಓಡುತ್ತಿರುತ್ತದೆ. ಹೆಚ್ಚಿಸಿದ ಮೊತ್ತದ ಮೇಲೆ ಮೊದಲ ವರ್ಷ ಶೇ 9, ಆಮೇಲೆ ಶೇ 15. ಆಗ ‘ಮೇಲ್ಮನವಿಗೆ ಯೋಗ್ಯವಲ್ಲ’ ಅಂತ ಬರೆದು ಸಹಿ ಹಾಕುವವರು ಬೇಕು. ಆ ಒಂದು ಸಾಲಿನಿಂದ ಬೊಕ್ಕಸವೂ ಉಳಿಯುತ್ತದೆ, ರೈತ ಇನ್ನಷ್ಟು ವರ್ಷ ಕೋರ್ಟ್ ಅಲೆಯುವುದೂ ತಪ್ಪುತ್ತದೆ. ಮಂತ್ರಿಗೆ ಇಷ್ಟವಿಲ್ಲದ ಅಭಿಪ್ರಾಯವನ್ನೂ ಹಾಗೇ ಬರೆಯುವವರೇ ನನ್ನ ಲೆಕ್ಕದಲ್ಲಿ ಒಳ್ಳೆಯ ಅಡ್ವೊಕೇಟ್ ಜನರಲ್.

ಸರ್ಕಾರದಿಂದ ಬೇರೆಯಾಗಿ ನಿಂತು ನಿರ್ಧರಿಸಬೇಕಾದ ವಿಷಯವೂ ಇದೆ. ಯಾರಾದರೂ ಖಾಸಗಿಯಾಗಿ ಹೈಕೋರ್ಟ್‌ನಲ್ಲಿ ಕ್ರಿಮಿನಲ್ ನ್ಯಾಯಾಂಗ ನಿಂದನೆ ಅರ್ಜಿ ಹಾಕಬೇಕಾದರೆ, 1971ರ ಕಾಯ್ದೆ ಪ್ರಕಾರ ಇವರ ಲಿಖಿತ ಒಪ್ಪಿಗೆ ಬೇಕು. ವಿಧಾನಮಂಡಲದಲ್ಲೂ ಮಾತಾಡಬಹುದು, ಮತ ಮಾತ್ರ ಇಲ್ಲ.

ಮೊದಲ ಸದಸ್ಯರು: ಹಾಗಾದರೆ ಈಗಿನಿಂದ ಏನು ಮಾಡಲಿ ಸರ್?

ಉತ್ತರ: ರಿಟ್ (ಸರ್ಕಾರದ ಕ್ರಮ ಪ್ರಶ್ನಿಸಿ ಹೈಕೋರ್ಟ್‌ಗೆ ಹಾಕುವ ಅರ್ಜಿ) ಮತ್ತು ಸಿವಿಲ್ ಕೇಸ್ ಎರಡೂ ನಡೆಸುವ ಸೀನಿಯರ್ ಹತ್ತಿರ ಸೇರಿ. ನಾಲ್ಕೈದು ವರ್ಷ ಡ್ರಾಫ್ಟಿಂಗ್ ಮಾಡಿ, ಸುಮ್ನೆ ಹಿಂದೆ ಕೂತು ಕೇಳಿದರೆ ಸಾಲದು. ಆಮೇಲೆ ಅವಕಾಶ ಸಿಕ್ಕರೆ ಹೈಕೋರ್ಟ್ ಸರ್ಕಾರಿ ಪ್ಲೀಡರ್ ಆಗಿ. ಪಹಣಿ, ಮ್ಯುಟೇಷನ್, ಇಲಾಖೆಯ ಟಿಪ್ಪಣಿ ಓದುವುದು ಅಲ್ಲೇ ಚೆನ್ನಾಗಿ ಬರುತ್ತದೆ. ಮೇಲ್ಮನವಿಯ ಕಡತ ಕೈಗೆ ಬಂದ ಕೂಡಲೇ ತೀರ್ಪಿನ ದಿನಾಂಕ ನೋಡಿ. ಸಿವಿಲ್ ಡಿಕ್ರಿ (ಸಿವಿಲ್ ಕೋರ್ಟ್‌ನ ತೀರ್ಪಿನ ಆದೇಶ) ಮೇಲೆ ಹೈಕೋರ್ಟ್‌ಗೆ ಹೋಗಲು 90 ದಿನ, ಅದರಲ್ಲಿ ಎಷ್ಟು ಉಳಿದಿದೆ ಅಂತ ಕಡತದ ಮೇಲೇ ಬರೆದುಕೊಳ್ಳಿ.