ಮಿನಿಮೈಸ್ ಹಾಕುವ ಬ್ಲಿಸ್ಸಿಗೆ ಏಟೇ ತಾಗುತ್ತಿಲ್ಲ: ತಂಡದಲ್ಲಿ ಏನು ಬದಲಿಸಬೇಕು?

ಪ್ರಶ್ನೆ

ಆಟ ಪೋಕೆಮಾನ್ ಸ್ಕಾರ್ಲೆಟ್. ಸಿಂಗಲ್ಸ್, ಲೆವೆಲ್ 50, ಇವೇಷನ್ (ಏಟು ತಪ್ಪಿಸಿಕೊಳ್ಳುವ ಸಾಧ್ಯತೆ) ಏರಿಸುವ ಮೂವ್‌ಗಳಿಗೆ ನಿಷೇಧ ಇಲ್ಲ. ಎದುರಾಳಿಯ ಪೋಕೆಮಾನ್ ಬ್ಲಿಸ್ಸಿಯಲ್ಲಿ ಮಿನಿಮೈಸ್ (ಇವೇಷನ್ ಏರಿಸುವುದು), ಸಬ್‌ಸ್ಟಿಟ್ಯೂಟ್ (ಎಚ್‌ಪಿ ಕೊಟ್ಟು ಮುಂದೆ ಬೊಂಬೆ ನಿಲ್ಲಿಸುವುದು), ಸಾಫ್ಟ್-ಬಾಯಿಲ್ಡ್ (ಅರ್ಧ ಎಚ್‌ಪಿ ತುಂಬಿಸುವುದು), ಸೈಸ್ಮಿಕ್ ಟಾಸ್ (ಲೆವೆಲ್‌ನಷ್ಟೇ ಎಚ್‌ಪಿ ಕಳೆಯುವ ಏಟು) ಇವೆ, ಐಟಂ ಪ್ರತಿ ಟರ್ನ್ ಸ್ವಲ್ಪ ಎಚ್‌ಪಿ ಕೊಡುವ ಲೆಫ್ಟೋವರ್ಸ್. ಮೂರು ಟರ್ನ್ ಕಳೆದರೆ ಸಾಕು, ಕ್ಲೋಸ್ ಕಾಂಬ್ಯಾಟೂ ತಾಗುವುದಿಲ್ಲ, ಟಾಂಟೂ (ಹೊಡೆಯದ ಮೂವ್‌ಗಳನ್ನು ತಡೆಯುವುದು) ತಾಗುವುದಿಲ್ಲ. ಏರಿಸಿಕೊಂಡದ್ದನ್ನು ಅಳಿಸಬೇಕಾದ ಕ್ಲಿಯರ್ ಸ್ಮಾಗ್ ತಾಗುತ್ತದೆ, ಆದರೆ ಇವೇಷನ್ ಇಳಿಯುವುದಿಲ್ಲ. ಗುರಿ ಸುಧಾರಿಸುವ ಐಟಂ ವೈಡ್ ಲೆನ್ಸ್ ಕೊಟ್ಟು ನೋಡಿದ್ದಾಯಿತು, ಪ್ರಯೋಜನ ಇಲ್ಲ. ಎಲ್ಲಿ ತಪ್ಪುತ್ತಿದೆ?

ಉತ್ತರ 1

ಮೊದಲು ಲೆಕ್ಕ ನೋಡಿ. ಐದನೇ ಜನರೇಷನ್‌ನಿಂದ ಈಚೆಗೆ ಮಿನಿಮೈಸ್ ಒಂದು ಸಲಕ್ಕೆ ಇವೇಷನ್ನನ್ನು ಎರಡು ಸ್ಟೇಜ್ (ಮೆಟ್ಟಿಲು) ಏರಿಸುತ್ತದೆ. 100 ಅಕ್ಯುರೆಸಿ (ಗುರಿ ತಾಗುವ ಸಾಧ್ಯತೆ) ಇರುವ ಮೂವ್ ಮೊದಲ ಮಿನಿಮೈಸ್ ಆದ ಮೇಲೆ 60% ತಾಗುತ್ತದೆ, ಎರಡನೆಯದಕ್ಕೆ ಸುಮಾರು 43%, ಮೂರನೆಯದಕ್ಕೆ 33%. ಒಂದೊಂದೇ ಸ್ಟೇಜ್ ಏರಿಸುವ ಡಬಲ್ ಟೀಮ್‌ಗೆ ಆರು ಟರ್ನ್ ಬೇಕಾಗುವ ಕೆಲಸವನ್ನು ಇದು ಮೂರರಲ್ಲಿ ಮುಗಿಸುತ್ತದೆ. ವೈಡ್ ಲೆನ್ಸ್ ಏರಿಸುವುದು ಇದ್ದ ಅಕ್ಯುರೆಸಿಯ ಹತ್ತನೇ ಒಂದು ಭಾಗ ಮಾತ್ರ. ಅಂದರೆ 33% ಇದ್ದದ್ದು 37% ಆಸುಪಾಸಿಗೆ ಬರುತ್ತದೆ, ಅಷ್ಟೇ. ಅದಕ್ಕಾಗಿ ಐಟಂ ಜಾಗ ವ್ಯರ್ಥ ಮಾಡಬೇಡಿ.

ಕ್ಲಿಯರ್ ಸ್ಮಾಗ್‌ಗೆ ಅಕ್ಯುರೆಸಿ ಪರೀಕ್ಷೆಯೇ ಇಲ್ಲ, ಹಾಗಾಗಿ ತಾಗುತ್ತದೆ. ಆದರೆ ನಿಮ್ಮ ಏಟು ಬೀಳುತ್ತಿರುವುದು ಬ್ಲಿಸ್ಸಿಗಲ್ಲ, ಮುಂದೆ ನಿಂತಿರುವ ಸಬ್‌ಸ್ಟಿಟ್ಯೂಟ್ ಬೊಂಬೆಗೆ. ಬೊಂಬೆಗೆ ಬಿದ್ದರೆ ಸ್ಟೇಜ್‌ಗಳು ಅಳಿಸುವುದಿಲ್ಲ.

ಟಾಂಟ್ ಒಳ್ಳೆಯ ಆಯ್ಕೆಯೇ, ಆದರೆ ಮೊದಲ ಟರ್ನ್‌ನಲ್ಲೇ ಬೀಳಬೇಕು. ಬ್ಲಿಸ್ಸಿಯ ಬೇಸ್ ಸ್ಪೀಡ್ 55, ಟಾಂಟ್ ಹಾಕುವ ಬಹುತೇಕ ಪೋಕೆಮಾನ್ ಅದಕ್ಕಿಂತ ಚುರುಕು. ಒಂದು ಮಿನಿಮೈಸ್ ಆಗಿಹೋದ ಮೇಲೆ ಟಾಂಟ್ ಕೂಡ ಉಳಿದೆಲ್ಲದರ ಹಾಗೆ ಅದೃಷ್ಟದಾಟವೇ.

ಇವೇಷನ್ ತಡೆಯುವುದು ಅಕ್ಯುರೆಸಿ ಲೆಕ್ಕಕ್ಕೆ ಒಳಪಡುವ ಮೂವ್‌ಗಳನ್ನು ಮಾತ್ರ. ಆ ಲೆಕ್ಕದ ಹೊರಗೆ ಇರುವುದನ್ನು ತಂಡಕ್ಕೆ ತನ್ನಿ. ಅಕ್ಯುರೆಸಿ ಏರಿಸಿಕೊಂಡು ಪೈಪೋಟಿಗೆ ಇಳಿದರೆ ಗೆಲ್ಲುವುದು ಬ್ಲಿಸ್ಸಿಯೇ.

ಉತ್ತರ 2

ಮೇಲಿನವರು ಹೇಳಿದ್ದು ಸರಿ. ಈ ನಾಲ್ಕು ಮೂವ್‌ಗಳ ಬ್ಲಿಸ್ಸಿಗೆ ಹೇಳಿ ಮಾಡಿಸಿದ ಮದ್ದು ಅನ್‌ಅವೇರ್ ಎಬಿಲಿಟಿಯ (ಹುಟ್ಟುಗುಣದ) ಪೋಕೆಮಾನ್ ಸ್ಕೆಲೆಡರ್ಜ್. ಅನ್‌ಅವೇರ್ ಇರುವ ಪೋಕೆಮಾನ್ ಹೊಡೆಯುವಾಗ ಎದುರಿನವರ ಇವೇಷನ್ ಸ್ಟೇಜ್ ಲೆಕ್ಕಕ್ಕೇ ಬರುವುದಿಲ್ಲ. ಸ್ಕೆಲೆಡರ್ಜ್‌ನ ಟಾರ್ಚ್ ಸಾಂಗ್ ಸದ್ದಿನ ಮೂವ್, ಆದ್ದರಿಂದ ಸಬ್‌ಸ್ಟಿಟ್ಯೂಟ್ ದಾಟಿ ನೇರ ಬ್ಲಿಸ್ಸಿಗೇ ಬೀಳುತ್ತದೆ. ಘೋಸ್ಟ್ ಟೈಪ್ ಆದ್ದರಿಂದ ಸೈಸ್ಮಿಕ್ ಟಾಸ್ ಅದಕ್ಕೆ ನಾಟುವುದೇ ಇಲ್ಲ.

ಮೊದಲ ಟಾರ್ಚ್ ಸಾಂಗ್ ನೋಡಿ ಬೇಸರಪಡಬೇಡಿ. ಬ್ಲಿಸ್ಸಿಯ ಎಚ್‌ಪಿಗೆ ಪೂರ್ತಿ 252 ಇವಿ (ತರಬೇತಿ ಅಂಕ) ಹಾಕಿದ್ದರೆ ಒಟ್ಟು 362. ಮೊದಲ ಏಟಿಗೆ ಹೋಗುವುದು ಹೆಚ್ಚೆಂದರೆ ಅದರ ಆರನೇ ಒಂದು ಭಾಗದ ಆಸುಪಾಸು. ಆದರೆ ಪ್ರತಿ ಸಲವೂ ಸ್ಪೆಷಲ್ ಅಟ್ಯಾಕ್ ಒಂದು ಸ್ಟೇಜ್ ಏರುತ್ತದೆ. ಆರು ಸಲ ಆದ ಮೇಲೆ ಅದು ನಾಲ್ಕು ಪಟ್ಟು. ಸಾಫ್ಟ್-ಬಾಯಿಲ್ಡ್ ತುಂಬಿಸುವುದು 181, ಲೆಫ್ಟೋವರ್ಸ್ 22. ನೀವು ಸ್ಪೆಷಲ್ ಅಟ್ಯಾಕ್‌ಗೆ ಪೂರ್ತಿ ಇವಿ ಹಾಕಿದ್ದು, ಬ್ಲಿಸ್ಸಿ ಸ್ಪೆಷಲ್ ಡಿಫೆನ್ಸ್‌ಗೆ ಇವಿ ಹಾಕಿಲ್ಲದಿದ್ದರೆ ಏಳನೇ ಏಟಿನ ಹೊತ್ತಿಗೆ ಇವೆರಡನ್ನೂ ಮೀರಿ ಎಚ್‌ಪಿ ಕರಗತೊಡಗುತ್ತದೆ. ಹಾಕಿದ್ದರೂ ಗಾಬರಿ ಬೇಡ: ಈ ಜನರೇಷನ್‌ನಲ್ಲಿ ಸಾಫ್ಟ್-ಬಾಯಿಲ್ಡ್‌ಗೆ ಪಿಪಿ (ಎಷ್ಟು ಸಲ ಬಳಸಬಹುದು ಎಂಬ ಮಿತಿ) 5 ಮಾತ್ರ, ಪಿಪಿ ಮ್ಯಾಕ್ಸ್ ಕೊಟ್ಟರೂ 8, ಟಾರ್ಚ್ ಸಾಂಗ್‌ಗೆ 16ರವರೆಗೂ ಏರಿಸಬಹುದು.

ಇಲ್ಲಿ ಜನ ಮಾಡುವ ತಪ್ಪುಗಳು ಮೂರು. ಅನ್‌ಅವೇರ್ ಹಿಡನ್ ಎಬಿಲಿಟಿ. ಎಬಿಲಿಟಿ ಪ್ಯಾಚ್ ಎಂಬ ಐಟಂ ಬಳಸದೆ ಸಾಮಾನ್ಯ ಎಬಿಲಿಟಿ ಬ್ಲೇಜ್‌ನಲ್ಲೇ ಕಳಿಸಿದರೆ ಮಾಡಿದ್ದೆಲ್ಲ ನೀರುಪಾಲು. ಶ್ಯಾಡೋ ಬಾಲ್, ಹೆಕ್ಸ್ ನಂಬಬೇಡಿ, ನಾರ್ಮಲ್ ಟೈಪ್‌ಗೆ ಘೋಸ್ಟ್ ಮೂವ್ ನಾಟುವುದಿಲ್ಲ. ಸ್ಕೆಲೆಡರ್ಜನ್ನು ಬೇರೆ ಟೈಪ್‌ಗೆ ಟೆರಾ ಮಾಡಿದ (ಆಟದ ನಡುವೆ ಟೈಪ್ ಬದಲಿಸಿದ) ಕ್ಷಣವೇ ಘೋಸ್ಟ್ ರಕ್ಷಣೆ ಹೋಗಿ ಟರ್ನ್‌ಗೆ 50ರಂತೆ ಸೈಸ್ಮಿಕ್ ಟಾಸ್ ಬೀಳತೊಡಗುತ್ತದೆ.

ಬೇಗ ಮುಗಿಸಬೇಕಾದರೆ ಶಾರ್ಪ್‌ನೆಸ್ (ಕತ್ತರಿಸುವ ಮೂವ್‌ಗಳ ಬಲ ಏರಿಸುವ ಎಬಿಲಿಟಿ) ಇರುವ ಗ್ಯಾಲೇಡ್. ಸೇಕ್ರೆಡ್ ಸ್ವೋರ್ಡ್ ಇವೇಷನ್ ಸ್ಟೇಜನ್ನು ಕಡೆಗಣಿಸುತ್ತದೆ, ಬ್ಲಿಸ್ಸಿಯ ಬೇಸ್ ಡಿಫೆನ್ಸ್ ಬರೀ 10. ಅಟ್ಯಾಕ್‌ಗೆ 252 ಇವಿ ಹಾಕಿದರೆ, ಎಚ್‌ಪಿ, ಡಿಫೆನ್ಸ್ ಎರಡಕ್ಕೂ ಪೂರ್ತಿ ಇವಿ ಸುರಿದ ಬ್ಲಿಸ್ಸಿ ಕೂಡ ಒಂದೇ ಏಟಿಗೆ ಮಲಗುತ್ತದೆ. ಬೊಂಬೆ ಇದ್ದರೆ ಎರಡು ಏಟು. ರಕ್ಷಣೆ ಏರಿಸುವ ಐಟಂ ಇವಿಯೋಲೈಟ್ ಹಿಡಿದ ಚಾನ್ಸಿಗೂ (ಬ್ಲಿಸ್ಸಿಯ ಹಿಂದಿನ ರೂಪ) ಎರಡು. ಇದನ್ನು ಪೂರ್ತಿ ತಡೆಯಲು ಅವರಿಗಿರುವ ದಾರಿ ಬ್ಲಿಸ್ಸಿಯನ್ನು ಘೋಸ್ಟ್‌ಗೆ ಟೆರಾ ಮಾಡುವುದು. ಆಗ ಗ್ಯಾಲೇಡ್ ಹಿಂದಕ್ಕೆ ಕರೆದು ಸ್ಕೆಲೆಡರ್ಜ್ ಇಳಿಸಿ.

ಮರುಪ್ರಶ್ನೆ

ಟಾಕ್ಸಾಪೆಕ್ಸ್ ಈಗಾಗಲೇ ತಂಡದಲ್ಲಿದೆ. ಹೇಜ್ ಕಲಿಸಿದರೆ ಸಾಲದೇ? ಎದುರಿನದನ್ನು ಕಣದಿಂದ ಓಡಿಸುವ ರೋರ್ ಹೇಗೆ?

ಉತ್ತರ 1

ಹೇಜ್ ಒಂದರಿಂದಲೇ ಆಗದು. ಅದು ಬೊಂಬೆ ಇದ್ದರೂ ಎಲ್ಲ ಸ್ಟೇಜ್ ಅಳಿಸುತ್ತದೆ, ನಿಜ. ಆದರೆ ಅಳಿಸಿದ ಮೇಲೆ ಹೊಡೆಯುವವರನ್ನು ಇಳಿಸುತ್ತೀರಲ್ಲ, ಆ ಸ್ವಿಚ್ ಟರ್ನ್‌ನಲ್ಲೇ ಬ್ಲಿಸ್ಸಿ ಇನ್ನೊಂದು ಮಿನಿಮೈಸ್ ಹಾಕಿ ನಿಮ್ಮನ್ನು 60%ಗೆ ತಂದು ನಿಲ್ಲಿಸುತ್ತದೆ.

ಟಾಕ್ಸಾಪೆಕ್ಸ್‌ನ ನಿಜವಾದ ಆಯುಧ ಏರುವ ವಿಷ ಹತ್ತಿಸುವ ಟಾಕ್ಸಿಕ್. ಪಾಯ್ಸನ್ ಟೈಪ್ ಹಾಕಿದ ಟಾಕ್ಸಿಕ್ ಆರನೇ ಜನರೇಷನ್‌ನಿಂದ ಗುರಿ ತಪ್ಪುವುದೇ ಇಲ್ಲ, ಇವೇಷನ್ ಎಷ್ಟೇ ಇರಲಿ. ಬೊಂಬೆ ಇದ್ದರೆ ಮಾತ್ರ ನಾಟದು, ಹಾಗಾಗಿ ಬ್ಲಿಸ್ಸಿ ಮಿನಿಮೈಸ್ ಹಾಕುವ ಮೊದಲ ಟರ್ನ್‌ನಲ್ಲೇ ಹಾಕಿಬಿಡಿ. ಒಮ್ಮೆ ಹತ್ತಿದ ವಿಷವನ್ನು ಆಮೇಲೆ ಬಂದ ಬೊಂಬೆ ತಡೆಯುವುದಿಲ್ಲ. ಮೊದಲ ಟರ್ನ್‌ಗೆ ಹದಿನಾರನೇ ಒಂದು ಭಾಗ, ಮುಂದಿನದಕ್ಕೆ ಎರಡು, ಆಮೇಲೆ ಮೂರು. ಎಂಟನೇ ಟರ್ನ್‌ಗೆ ಅರ್ಧ ಎಚ್‌ಪಿ, ಅಂದರೆ ಸಾಫ್ಟ್-ಬಾಯಿಲ್ಡ್ ಕೊಡುವಷ್ಟೇ. ಅಲ್ಲಿಂದ ಮುಂದೆ ತಡೆದುಕೊಳ್ಳಲಾಗದು. ನ್ಯಾಚುರಲ್ ಕ್ಯೂರ್ ಎಬಿಲಿಟಿ ಇದ್ದರೆ ಹಿಂದಕ್ಕೆ ಹೋಗಿ ವಿಷ ಕಳೆದುಕೊಳ್ಳಬಹುದು, ಆದರೆ ಹೋದರೆ ಏರಿಸಿಕೊಂಡ ಇವೇಷನ್ನೂ ಹೋಯಿತು. ಎರಡರಲ್ಲಿ ಯಾವುದಾದರೂ ನಿಮಗೆ ಲಾಭವೇ. ಸ್ಟೀಲ್ ಅಥವಾ ಪಾಯ್ಸನ್ ಟೆರಾ ಮಾಡಿದರೆ ಮಾತ್ರ ಈ ದಾರಿ ಮುಚ್ಚುತ್ತದೆ.

ಉತ್ತರ 2

ರೋರ್, ವರ್ಲ್‌ವಿಂಡ್ ಎರಡೂ ಈಗ ಗುರಿ ತಪ್ಪುವುದಿಲ್ಲ, ಬೊಂಬೆಯನ್ನೂ ದಾಟುತ್ತವೆ. ಐದನೇ ಜನರೇಷನ್‌ವರೆಗೆ ಇವಕ್ಕೂ ಅಕ್ಯುರೆಸಿ ಪರೀಕ್ಷೆ ಇತ್ತು, ಹಳೆಯ ಆಟ ಆಡುವವರು ಇದನ್ನು ನಂಬಿ ಮೋಸಹೋಗಬೇಡಿ. ಪ್ರಯಾರಿಟಿ ಮೈನಸ್ 6, ಅಂದರೆ ಟರ್ನ್‌ನ ಕೊನೆಗೆ ನಡೆಯುತ್ತದೆ, ಅದಕ್ಕೂ ಮುಂಚೆ ಒಂದು ಸೈಸ್ಮಿಕ್ ಟಾಸ್ ತಿನ್ನಬೇಕಾಗಬಹುದು.

ದೊಡ್ಡ ಅಪಾಯ ಬೇರೆ ಇದೆ. ಎದುರಾಳಿಗೆ ಬ್ಲಿಸ್ಸಿ ಒಂದೇ ಉಳಿದಿದ್ದರೆ ರೋರ್ ಕೆಲಸ ಮಾಡುವುದಿಲ್ಲ, ಓಡಿಸಲು ಬದಲಿಗೆ ಇನ್ನೊಂದು ಪೋಕೆಮಾನ್ ಬೇಕಲ್ಲ. ಈ ತಂತ್ರ ಬಲ್ಲವರು ಬ್ಲಿಸ್ಸಿಯನ್ನು ಕೊನೆಗೆಂದೇ ಕಾದಿಟ್ಟುಕೊಳ್ಳುತ್ತಾರೆ. ಆದ್ದರಿಂದ ರೋರ್ ಇದ್ದರೂ ಟಾಕ್ಸಿಕ್ ಬಿಡಬೇಡಿ. ಜಾಗ ಸಿಕ್ಕರೆ ಆಟದ ಆರಂಭದಲ್ಲೇ ಟಾಕ್ಸಾಪೆಕ್ಸ್‌ನಿಂದ ಟಾಕ್ಸಿಕ್ ಸ್ಪೈಕ್ಸ್ (ಎದುರಾಳಿಯ ನೆಲಕ್ಕೆ ಹಾಸುವ ವಿಷದ ಮುಳ್ಳು) ಎರಡು ಪದರ ಹಾಸಿ. ಬ್ಲಿಸ್ಸಿ ಕಣಕ್ಕೆ ಕಾಲಿಟ್ಟ ಕೂಡಲೇ ಏರುವ ವಿಷ ತಾನಾಗಿ ಹತ್ತುತ್ತದೆ, ಬೊಂಬೆ ಕಟ್ಟಲು ಸಮಯವೇ ಸಿಗದು.

ಒಂದು ಸಣ್ಣ ವಿಷಯ: ಲೆಫ್ಟೋವರ್ಸ್ ಬದಲು ಎದುರಿನ ಏಟಿನ ಗುರಿ ತಪ್ಪಿಸುವ ಬ್ರೈಟ್ ಪೌಡರ್ ಬಂದರೆ ಅನ್‌ಅವೇರ್, ಸೇಕ್ರೆಡ್ ಸ್ವೋರ್ಡ್ ಎರಡೂ ಹತ್ತರಲ್ಲಿ ಒಂದು ಸಲ ತಪ್ಪುತ್ತವೆ. ಅದು ಸ್ಟೇಜ್ ಅಲ್ಲ, ಐಟಂ; ಇವುಗಳ ಕೈಗೆ ಸಿಗದು. ಟಾಕ್ಸಿಕ್ ಮತ್ತು ಟಾಕ್ಸಿಕ್ ಸ್ಪೈಕ್ಸ್‌ಗೆ ಅದರ ತೊಂದರೆಯೂ ಇಲ್ಲ.

ಪ್ರಶ್ನೆ ಕೇಳಿದವರು

ಕ್ಲಿಯರ್ ಸ್ಮಾಗ್ ತೆಗೆದು ಟಾಕ್ಸಿಕ್, ಟಾಕ್ಸಿಕ್ ಸ್ಪೈಕ್ಸ್ ಹಾಕಿ ಪರೀಕ್ಷೆ ಮಾಡಿದ್ದಾಯಿತು. ಸ್ಪೈಕ್ಸ್ ಮೇಲೆ ಇಳಿದ ಬ್ಲಿಸ್ಸಿ ಮೂರು ಮಿನಿಮೈಸ್ ಮುಗಿಸುವಷ್ಟರಲ್ಲಿ ಸಾಫ್ಟ್-ಬಾಯಿಲ್ಡ್‌ಗೆ ಕೈಹಾಕಬೇಕಾಯಿತು, ಆಮೇಲೆ ಸಬ್‌ಸ್ಟಿಟ್ಯೂಟ್‌ಗೆ ಎಚ್‌ಪಿಯೇ ಸಾಲಲಿಲ್ಲ. ವೈಡ್ ಲೆನ್ಸ್ ತೆಗೆದಿದ್ದೇನೆ. ಸ್ಕೆಲೆಡರ್ಜ್‌ಗೆ ಎಬಿಲಿಟಿ ಪ್ಯಾಚ್ ಸಿಕ್ಕ ಕೂಡಲೇ ಅದನ್ನೂ ಸೇರಿಸುತ್ತೇನೆ. ಧನ್ಯವಾದ.