‘ಎಚ್ಚರಿಕೆ ಬಣ್ಣ’ ಅಂದರೆ ಎಚ್ಚರಿಕೆ ಯಾರಿಗೆ?

ಗೆಳೆಯರೆ, ನಮಸ್ಕಾರ.

ಪಾಂಡವಪುರದ ಹತ್ತಿರ ನಮ್ಮೂರಿನ ಶಾಲೆ ಮಕ್ಕಳಿಗಾಗಿ ಹೊಲಗದ್ದೆಯ ಹುಳಗಳ ಮೇಲೆ ಒಂದು ಚಿಕ್ಕ ಪುಸ್ತಕ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ, ಹದಿನೈದು ದಿನ ಆಯ್ತು. ನಿಮ್ಮನ್ನೇ ಕೇಳೋಣ ಅಂತ ಬರೆದೆ.

ವಿಷಯ ಹುಲಿಪತಂಗದ್ದು. ನಾಟಿಗೆ ಮುಂಚೆ ಹಸಿರು ಗೊಬ್ಬರಕ್ಕೆ ಅಂತ ಗದ್ದೆಗೆ ಅಪ್ಸೆಣಬು ಚೆಲ್ಲುತ್ತೇವಲ್ಲ, ಅದರಲ್ಲಿ ಬೀಜಕ್ಕೆ ಅಂತ ಬದುವಿನಲ್ಲಿ ಉಳಿಸಿದ ಗಿಡಗಳು ಕಾಯಿ ಕಟ್ಟುವ ಹೊತ್ತಿಗೆ ಒಂದು ಪುಟ್ಟ ಪತಂಗ ಬರುತ್ತದೆ. ಬಿಳಿ ರೆಕ್ಕೆ, ಅದರ ತುಂಬ ಕುಂಕುಮ ಇಟ್ಟ ಹಾಗೆ ಕೆಂಪು ಚುಕ್ಕೆ, ನಡುನಡುವೆ ಕಪ್ಪು ಚುಕ್ಕೆ. ಹತ್ತಿರ ಹೋದರೂ ಅದಕ್ಕೆ ಗಾಬರಿಯಿಲ್ಲ. ನಿಧಾನಕ್ಕೆ ಎದ್ದು ನಾಲ್ಕು ಗಿಡದಾಚೆ ಹೋಗಿ ಕೂರುತ್ತದೆ, ಅಷ್ಟೆ. ಯಾಕೆಂದರೆ ಮರಿಹುಳವಾಗಿದ್ದಾಗ ಸೆಣಬಿನ ಎಲೆ ಕಾಯಿ ತಿಂದು, ಗಿಡದ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಂಡಿರುತ್ತದೆ. ರೆಕ್ಕೆ ಬಂದ ಮೇಲೂ ಆ ವಿಷ ಹೋಗುವುದಿಲ್ಲ. ಇದರ ಅಮೆರಿಕದ ದಾಯಾದಿಯನ್ನು ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಐಸ್ನರ್ ವರ್ಷಗಟ್ಟಲೆ ನೋಡಿದವರು. ಬಲೆಗೆ ಬಿದ್ದ ಪತಂಗವನ್ನು ಜೇಡ ಬಂದು ಮುಟ್ಟಿ ನೋಡಿ, ಸುತ್ತಲಿನ ಎಳೆಗಳನ್ನು ತಾನೇ ಕತ್ತರಿಸಿ ಬಿಟ್ಟುಬಿಡುತ್ತದಂತೆ. ಗಂಡು ಕೂಡುವಾಗ ಹೆಣ್ಣಿಗೂ ಒಂದಿಷ್ಟು ವಿಷ ಕೊಡುತ್ತದೆ, ಹೆಣ್ಣು ಅದನ್ನು ಮೊಟ್ಟೆಗೆ ಸೇರಿಸುತ್ತದೆ. ಬಸಿರಿಗೆ ಮಡಿಲು ತುಂಬಿದ ಹಾಗೆ ಅಲ್ವಾ?

ಇದನ್ನೆಲ್ಲ ಬರೆದು, ರೆಕ್ಕೆಯ ಕೆಂಪಿಗೆ ‘ಎಚ್ಚರಿಕೆ ಬಣ್ಣ’ ಅಂತ ಹಾಕಿ ಐದನೇ ತರಗತಿಯಲ್ಲಿ ಓದಿದೆ. ಒಬ್ಬ ಹುಡುಗಿ ಕೈ ಎತ್ತಿ, ‘ಹುಳ ಎಚ್ಚರಿಕೆಯಾಗಿರ್ಲಿ ಅಂತ ಈ ಬಣ್ಣ ಬಂದದಾ ಸಾರ್?’ ಅಂದಳು.

ಅವಳು ಕೇಳಿದ್ದು ಸರಿ. ನಮ್ಮಲ್ಲಿ ಎಚ್ಚರಿಕೆ ಅಂದರೆ ಎರಡು. ರಸ್ತೆ ದಾಟುವಾಗ ಎಚ್ಚರಿಕೆ ಅನ್ನುವುದು ನಾನು ಹುಷಾರಾಗಿರುವುದು. ಎಚ್ಚರಿಕೆ ಕೊಟ್ಟೆ ಅನ್ನುವುದು ಬೇರೆಯವರಿಗೆ ಹೇಳಿದ್ದು. ‘ಕೊಡು’ ಪಕ್ಕದಲ್ಲಿ ಇಲ್ಲದಿದ್ದರೆ ಮಕ್ಕಳಿಗೆ ಮೊದಲು ಹೊಳೆಯುವುದು ಹುಷಾರು ಅನ್ನುವ ಅರ್ಥವೇ. ಈ ಪತಂಗ ಮಾಡುವುದು ಅದಕ್ಕೆ ತೀರಾ ಉಲ್ಟಾ. ಅದು ಬಚ್ಚಿಟ್ಟುಕೊಳ್ಳುವುದಿಲ್ಲ, ಕಾಣಿಸಿಕೊಳ್ಳುತ್ತದೆ. ಹುಷಾರಾಗಬೇಕಾದ್ದು ಹಕ್ಕಿ.

ಇಂಗ್ಲಿಷಿನ ಪದವೂ ಕಟ್ಟಿದ ಪದವೇ. 1867ರಲ್ಲಿ ಡಾರ್ವಿನ್, ಕೆಲವು ಮರಿಹುಳಗಳಿಗೆ ಇಷ್ಟು ಎದ್ದು ಕಾಣುವ ಬಣ್ಣ ಯಾಕೆ ಅಂತ ತಲೆ ಕೆಡಿಸಿಕೊಂಡು ಇನ್ನೊಬ್ಬ ಜೀವವಿಜ್ಞಾನಿ ವಾಲೇಸ್‌ಗೆ ಬರೆದರು. ತಿಂದರೆ ರುಚಿಯಿಲ್ಲ ಅಂತ ಹಕ್ಕಿಗೆ ಮೊದಲೇ ಗೊತ್ತಾಗಲಿ ಅಂತ, ಅಂದರು ವಾಲೇಸ್. ಒಂದೇ ಒಂದು ಕುಟುಕು ಬಿದ್ದರೂ ಮರಿಹುಳ ಉಳಿಯುವುದು ಕಷ್ಟ, ಆಮೇಲೆ ಉಗುಳಿದರೆ ಏನು ಬಂತು? 1890ರಲ್ಲಿ ಇಂಗ್ಲೆಂಡಿನ ಪ್ರಾಣಿವಿಜ್ಞಾನಿ ಎಡ್ವರ್ಡ್ ಪೌಲ್ಟನ್ ಇದಕ್ಕೆ ಗ್ರೀಕಿನಿಂದ ‘ಅಪೊಸಿಮ್ಯಾಟಿಕ್’ ಅಂತ ಹೆಸರು ಮಾಡಿದರು. ಅಪೊ ಅಂದರೆ ಆಚೆಗೆ, ಸೇಮ ಅಂದರೆ ಗುರುತು. ಆಚೆ ಹೋಗು ಅನ್ನುವ ಗುರುತು. ಅದರಲ್ಲಿ ಬಣ್ಣದ ಮಾತೇ ಇಲ್ಲ ನೋಡಿ.

ನನಗೆ ಬಣ್ಣ ಸಾಲದು ಅನ್ನಿಸಿದ್ದೂ ಇಲ್ಲೇ. ರಾತ್ರಿ ಬಾವಲಿ ಬಂದರೆ ಕೆಂಪು ಚುಕ್ಕೆ ಏನು ಮಾಡೀತು? ಅದಕ್ಕೆ ಎಷ್ಟೋ ಜಾತಿಯ ಹುಲಿಪತಂಗಗಳು ಎದೆಯ ಪಕ್ಕದ ತೆಳ್ಳನೆ ಪೊರೆಯನ್ನು ಮಡಚಿ ಬಿಚ್ಚಿ ಚಿಟಿಚಿಟಿ ಸದ್ದು ಮಾಡುತ್ತವೆ. ನಮ್ಮ ಕಿವಿಗೆ ಕೇಳದಷ್ಟು ಕೀರಲು ಸದ್ದು, ಬಾವಲಿಗೆ ಚೆನ್ನಾಗಿ ಕೇಳುತ್ತದೆ. 1965ರಲ್ಲಿ ಡೊರೊತಿ ಡನಿಂಗ್ ಮತ್ತು ಕೆನೆತ್ ರೋಡರ್, ಗಾಳಿಗೆ ಎಸೆದ ಹುಳವನ್ನು ಹಿಡಿಯಲು ಬಾವಲಿಗಳನ್ನು ಪಳಗಿಸಿ, ಅವು ಬಾಯಿ ಹಾಕುವ ಹೊತ್ತಿಗೆ ಪತಂಗದ ಸದ್ದಿನ ರೆಕಾರ್ಡು ಹಾಕಿದರು. ಬಾವಲಿಗಳು ಹುಳ ಬಿಟ್ಟು ಪಕ್ಕಕ್ಕೆ ತಿರುಗಿದವು. ಹಾಗಂತ ಎಲ್ಲ ಸದ್ದೂ ಇಂಥದ್ದಲ್ಲ. ಬರ್ತೋಲ್ಡಿಯ ಟ್ರೈಗೋನ ಅನ್ನುವ ಜಾತಿ, ಬಾವಲಿ ಕಿವಿಯಿಂದ ದಾರಿ ಹುಡುಕುವುದನ್ನೇ ಕೆಡಿಸುತ್ತದೆ ಅಂತ 2009ರಲ್ಲಿ ಗೊತ್ತಾಯಿತು. ಅದನ್ನು ‘ಗಲಿಬಿಲಿ ಸದ್ದು’ ಅಂತ ಬೇರೆಯಾಗೇ ಬರೆದಿದ್ದೇನೆ.

ಹಾಗಾಗಿ ಬಣ್ಣಕ್ಕೂ ಸದ್ದಿಗೂ ವಾಸನೆಗೂ ಒಗ್ಗುವ, ಎದುರಿನವರಿಗೆ ಹೇಳಿದ್ದು ಅಂತ ಕೇಳಿದ ಕೂಡಲೇ ತಿಳಿಯುವ ಪದ ಬೇಕು. ನನಗೆ ಹೊಳೆದದ್ದು ‘ತಾಕೀತು’. ಮಂಡ್ಯ ಕಡೆ ದಿನಾ ಆಡುವ ಮಾತು. ‘ನಾಲೆ ಹತ್ರ ಹೋಗ್ಬೇಡ ಅಂತ ತಾಕೀತು ಮಾಡಿದ್ದೆ ತಾನೆ’ ಅಂತ ಅಮ್ಮ ಈಗಲೂ ಮೊಮ್ಮಕ್ಕಳನ್ನು ಗದರುತ್ತಾರೆ. ತನಗೆ ತಾನೇ ತಾಕೀತು ಮಾಡಿಕೊಳ್ಳುವವರು ಕಡಿಮೆ. ತಾಕೀತು ಬಣ್ಣ, ತಾಕೀತು ಸದ್ದು, ತಾಕೀತು ವಾಸನೆ. ಹೇಗಿದೆ?

ಒಬ್ಬ ಸ್ನೇಹಿತರು ‘ಬೆದರು ಬಣ್ಣ’ ಸಾಕು ಅಂದರು. ನನಗೆ ಒಪ್ಪಿಗೆಯಿಲ್ಲ. ಬೆದರುಗೊಂಬೆಗೆ ಕೈಕಾಲು ಇರುತ್ತದೆ, ಹೊಡೆಯುವ ಶಕ್ತಿ ಇರುವುದಿಲ್ಲ. ಪತಂಗದ ಬಣ್ಣದ ಹಿಂದೆ ನಿಜವಾದ ವಿಷ ಇದೆ. ಬೆದರು ಅನ್ನುವುದನ್ನು ನಾನು ಬೇರೆ ಕಡೆಗೆ ಎತ್ತಿಟ್ಟಿದ್ದೇನೆ. ಎಕ್ಕದ ಗಿಡದಲ್ಲಿ ಬೆಳೆಯುವ ಕಿತ್ತಳೆ ಬಣ್ಣದ ಚಿಟ್ಟೆ ಇದೆಯಲ್ಲ, ಅದು ಎಕ್ಕದ ವಿಷ ಹೊತ್ತದ್ದು. ಅದರ ವೇಷವನ್ನೇ ಹಾಕಿಕೊಂಡು ಇನ್ನೊಂದು ಜಾತಿಯ ಹೆಣ್ಣು ಚಿಟ್ಟೆ ಆ ವಿಷವಿಲ್ಲದೆಯೇ ಬದುಕುತ್ತದೆ. ಅದು ‘ಬೆದರು ವೇಷ’.

ಇನ್ನೊಂದು. ‘ಹುಲಿಪತಂಗ’ ಇಂಗ್ಲಿಷಿನಿಂದ ಹಾಗೇ ಎತ್ತಿದ್ದು, ನಮ್ಮ ಈ ಚುಕ್ಕೆಯದಕ್ಕೆ ಹುಲಿಪಟ್ಟೆಯೇ ಇಲ್ಲ. ವಿಜ್ಞಾನದ ಹೆಸರು ಆರ್ಕ್ಟಿಯ ಬಂದದ್ದು ಕರಡಿ ಅನ್ನುವ ಗ್ರೀಕ್ ಪದದಿಂದ, ಇವುಗಳಲ್ಲಿ ಎಷ್ಟೋ ಜಾತಿಯ ಮರಿಹುಳಕ್ಕೆ ಮೈತುಂಬ ಕೂದಲು ಅಂತ. ಅವರಿಗೆ ಕರಡಿ ಕಂಡಿತು, ನಮ್ಮವರಿಗೆ ಕಂಬಳಿ ಕಂಡಿತು. ಕಡಲೆಕಾಯಿ ಹೊಲ ಬೋಳು ಮಾಡುವ ಕೆಂಪು ಕಂಬಳಿಹುಳವೂ, ಹಿಪ್ಪುನೇರಳೆಗೆ ಬೀಳುವ ಒಂದು ಕಂಬಳಿಹುಳವೂ ಇದೇ ಗುಂಪಿನವು. ಹಾಗಿದ್ದ ಮೇಲೆ ಇಡೀ ಗುಂಪಿಗೆ ‘ಕಂಬಳಿ ಪತಂಗ’ ಅಂದರೆ ಮಕ್ಕಳಿಗೆ ಜಾಸ್ತಿ ಹತ್ತಿರ ಆಗಲ್ವಾ?

ತಾಕೀತು ಅನ್ನುವುದು ಧಾರವಾಡ, ಬೀದರ್, ಮಂಗಳೂರಿನ ಕಿವಿಗೆ ಹೇಗೆ ಕೇಳುತ್ತದೆ ಅಂತ ತಿಳಿಸಿ. ನಿಮ್ಮ ಮನೆಗಳಲ್ಲಿ ಹಿರಿಯರು ಕಂಬಳಿಹುಳಕ್ಕೆ ರೆಕ್ಕೆ ಬಂದ ಮೇಲೆ ಏನಂತ ಕರೆಯುತ್ತಾರೆ, ಅದನ್ನೂ ಕೇಳಿ ಬರೆಯಿರಿ. ನಮ್ಮಮ್ಮ ಸುಮ್ನೆ ‘ದೀಪದ ಹುಳ’ ಅಂದುಬಿಡುತ್ತಾರೆ.